ಮತಗಟ್ಟೆಯೊಳಗೆ ನಮಗೂ ಒಂದು ಕುರ್ಚಿ

ಇವಿಎಂ ನಂಬಬಹುದೇ, ಮತಪತ್ರವೇ ವಾಸಿಯೇ? ಕಾಲೇಜು ಕ್ಯಾಂಟೀನ್‌ನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ವಾದ ಮುಗಿಯುವುದೇ ಇಲ್ಲ. ವಾದಿಸುವ ನಮ್ಮಲ್ಲಿ ಹೆಚ್ಚಿನವರು ಮತಗಟ್ಟೆಯೊಳಗೆ ಕಳೆದಿರುವುದು ಐದು ನಿಮಿಷ ಮಾತ್ರ.

ಅಮೆರಿಕದ ಹಲವು ರಾಜ್ಯಗಳಲ್ಲಿ 16–17 ವರ್ಷದ ವಿದ್ಯಾರ್ಥಿಗಳೂ ಮತಗಟ್ಟೆ ಸಿಬ್ಬಂದಿಯಾಗುತ್ತಾರೆ. ನಮ್ಮಲ್ಲಿ ಅದು ಸರ್ಕಾರಿ ನೌಕರರ ಕೆಲಸ. ಶಿಕ್ಷಕರು, ಗುಮಾಸ್ತರು, ಎಂಜಿನಿಯರ್‌ಗಳು ಮಸ್ಟರಿಂಗ್ ಕೇಂದ್ರದಲ್ಲಿ ಸಾಮಗ್ರಿ ಪಡೆದು ಊರೂರಿಗೆ ಹೊರಡುತ್ತಾರೆ. ಅರ್ಜಿ ಹಾಕಿ ಸೇರುವ ಹುದ್ದೆ ಇದಲ್ಲ. ಆದರೂ ಯುವಕರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ.

ಮೊದಲನೆಯದು, ಅಭ್ಯರ್ಥಿಯ ಮತಗಟ್ಟೆ ಏಜೆಂಟ್ ಆಗುವುದು. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಮತದಾನಕ್ಕೆ ಮುಂಚೆ ನಡೆಯುವ ಅಣಕು ಮತದಾನಕ್ಕೆ ಏಜೆಂಟರು ಸಾಕ್ಷಿ. ಬಂದವರು ನಿಜವಾದ ಮತದಾರರಲ್ಲ ಎನಿಸಿದರೆ 2 ರೂಪಾಯಿ ಕಟ್ಟಿ ಆಕ್ಷೇಪಿಸಬಹುದು. ಸಂಜೆ, ಚಲಾವಣೆಯಾದ ಮತಗಳ ಲೆಕ್ಕವಿರುವ ‘17ಸಿ’ ನಮೂನೆಯ ಪ್ರತಿ ಅವರ ಕೈಗೆ ಬರುತ್ತದೆ. ಎರಡನೆಯದು, ಸ್ವಯಂಸೇವೆ. ಎನ್‌ಎಸ್‌ಎಸ್, ಎನ್‌ಸಿಸಿ ವಿದ್ಯಾರ್ಥಿಗಳನ್ನು ಸರತಿ ಸಾಲು ನೋಡಿಕೊಳ್ಳಲು, ಅಂಗವಿಕಲರಿಗೆ, ವೃದ್ಧರಿಗೆ ನೆರವಾಗಲು ಬಳಸಿಕೊಳ್ಳುವುದುಂಟು. ಮೂರನೆಯದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಮತಗಟ್ಟೆ ಅಧಿಕಾರಿಯೊಬ್ಬರು ಗೈರಾದರೆ, ಅಲ್ಲಿ ಹಾಜರಿರುವ ಯಾರನ್ನಾದರೂ ಆ ಜಾಗಕ್ಕೆ ನೇಮಿಸುವ ಅಧಿಕಾರವನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 26ನೇ ಸೆಕ್ಷನ್ ಅಧ್ಯಕ್ಷಾಧಿಕಾರಿಗೆ ಕೊಟ್ಟಿದೆ. ಅಭ್ಯರ್ಥಿಯ ಪರ ಕೆಲಸ ಮಾಡಿದವರಾಗಿರಬಾರದು, ಅಷ್ಟೇ. ಅಂದರೆ ಸಾಮಾನ್ಯ ನಾಗರಿಕನೂ ಈ ಕೆಲಸ ಮಾಡಬಲ್ಲ ಎಂದು ಕಾನೂನೇ ಒಪ್ಪಿದೆ.

ಈ ಅನುಭವ ಹೆಚ್ಚು ಬೇಕಾಗಿರುವುದು ಪಂಚಾಯಿತಿ ಚುನಾವಣೆಗೆ. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಪಕ್ಷದ ಚಿಹ್ನೆ ಇಲ್ಲ. 2020ರ ಡಿಸೆಂಬರ್‌ನಲ್ಲಿ ಬೀದರ್ ಜಿಲ್ಲೆ ಬಿಟ್ಟು ನಮ್ಮ ಕೊಡಗೂ ಸೇರಿ ಎಲ್ಲೆಡೆ ಮತಪತ್ರವೇ ಇತ್ತು. ಇಷ್ಟು ಚಿಕ್ಕ ಕ್ಷೇತ್ರದಲ್ಲಿ ಒಂದು ಮತಪತ್ರ ಸಿಂಧುವೋ ಅಸಿಂಧುವೋ ಎಂಬುದೇ ಗೆಲುವನ್ನು ನಿರ್ಧರಿಸಬಹುದು. ಮೇಜಿನ ಬಳಿ ನಿಯಮ ತಿಳಿದ ಯುವಕ, ಯುವತಿ ಇದ್ದರೆ ಸೋತವರೂ ಫಲಿತಾಂಶ ಒಪ್ಪುತ್ತಾರೆ. ಮರುದಿನವೂ ಅಕ್ಕಪಕ್ಕದಲ್ಲೇ ಬದುಕಬೇಕಾದವರಲ್ಲವೇ?

ಆದರೆ ಕಲಿಯಲು ಚುನಾವಣೆ ನಡೆಯಬೇಕು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ರಾಜ್ಯದಲ್ಲಿ ಕೊನೆಯ ಬಾರಿ ಮತದಾನ ನಡೆದದ್ದು 2016ರ ಫೆಬ್ರುವರಿಯಲ್ಲಿ. ನಾನಾಗ ಪ್ರಾಥಮಿಕ ಶಾಲೆಯಲ್ಲಿದ್ದೆ. ಆ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಬಳಿಕ ಆಡಳಿತಾಧಿಕಾರಿಗಳ ಕಾಲ. ಐದು ವರ್ಷದ ಅವಧಿ ಮುಗಿಯುವ ಮುನ್ನ ಚುನಾವಣೆ ಆಗಬೇಕೆನ್ನುತ್ತದೆ ಸಂವಿಧಾನದ 243ಇ ವಿಧಿ. ಕ್ಷೇತ್ರ ವಿಂಗಡಣೆ, ಮೀಸಲಾತಿಯ ಹೆಸರಿನಲ್ಲಿ ಅದು ಮುಂದಕ್ಕೆ ಹೋಗುತ್ತಲೇ ಬಂತು. ನನ್ನ ವಯಸ್ಸಿನವರು ಈ ಮತಪೆಟ್ಟಿಗೆಯನ್ನು ಮತದಾರರಾಗಿಯೂ ಕಂಡಿಲ್ಲ.

ಹಾಗಾಗಿ ನಮ್ಮ ಕೆಲಸ ಎರಡು. ಚುನಾವಣೆ ನಡೆಸಿ ಎಂದು ಕೇಳುವುದು ಒಂದು. ನಡೆದಾಗ ಮೈಸೂರು, ಮಂಗಳೂರು, ಬೆಂಗಳೂರಿನ ಹಾಸ್ಟೆಲ್‌ಗಳಿಂದ ಊರಿಗೆ ಬಂದು, ಮತ ಹಾಕಿ ಹಿಂತಿರುಗದೆ ಸಂಜೆಯವರೆಗೂ ಮತಗಟ್ಟೆಯಲ್ಲಿ ಕೂರುವುದು ಇನ್ನೊಂದು. ಏಜೆಂಟ್‌ಗೆ ಸರ್ಕಾರದಿಂದ ಗೌರವಧನವಿಲ್ಲ. ಸಿಗುವುದು ಒಂದೇ: ಚುನಾವಣೆಯನ್ನು ನಂಬಬೇಕೋ ಬೇಡವೋ ಎಂದು ಸ್ವಂತ ಕಣ್ಣಿನಿಂದ ನೋಡಿ ಹೇಳುವ ಅರ್ಹತೆ.