ನಮ್ಮವರು ಎಷ್ಟು ಲಕ್ಷ? 'ಜನಗಣತಿ 2011' ಹೆಸರಿನ ಲೆಕ್ಕ ನಂಬುವ ಮುನ್ನ

2027ರ ಜನಗಣತಿಯಲ್ಲಿ ಜಾತಿ ಎಣಿಕೆಯೂ ಇರಲಿದೆ ಎಂದು ಕೇಂದ್ರ ಸರ್ಕಾರ ಪ್ರಕಟಿಸಿದೆ. ಇತ್ತ ವಾಟ್ಸಾಪ್‌ನಲ್ಲಿ ಜಾತಿವಾರು ಜನಸಂಖ್ಯೆಯ ಪಟ್ಟಿಗಳು ಹರಿದಾಡುತ್ತಲೇ ಇವೆ. ಕೆಲವದರ ಕೆಳಗೆ 'ಮೂಲ: ಜನಗಣತಿ 2011' ಎಂಬ ಮುದ್ರೆ ಬೇರೆ!

ಎಡವಟ್ಟು ಇರುವುದೇ ಇಲ್ಲಿ. ಸ್ವತಂತ್ರ ಭಾರತದ ಜನಗಣತಿಗಳಲ್ಲಿ ಈವರೆಗೆ ಪರಿಶಿಷ್ಟ ಜಾತಿ, ಪಂಗಡ ಬಿಟ್ಟು ಉಳಿದ ಜಾತಿಗಳ ಎಣಿಕೆ ಪ್ರಕಟವಾಗಿಲ್ಲ. ಎಲ್ಲ ಜಾತಿಗಳ ಲೆಕ್ಕ ಕೊನೆಯ ಬಾರಿ ಸಿಕ್ಕಿದ್ದು 1931ರ ಗಣತಿಯಲ್ಲಿ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಯಲ್ಲಿ ಜಾತಿ ವಿವರ ಸಂಗ್ರಹಿಸಿದರೂ ಕೇಂದ್ರ ಅದನ್ನು ಬಿಡುಗಡೆ ಮಾಡಲಿಲ್ಲ.

ಹಾಗಾದರೆ ನಂಬುವುದು ಏನನ್ನು? ಧರ್ಮ, ಭಾಷೆ, ಪರಿಶಿಷ್ಟ ಸಮುದಾಯಗಳ ಕೋಷ್ಟಕಗಳು ಜನಗಣತಿ ಇಲಾಖೆಯ ವೆಬ್‌ಸೈಟ್‌ನಲ್ಲೇ ಇವೆ. 2011ರಲ್ಲಿ ದೇಶದಲ್ಲಿ ಕನ್ನಡ ಭಾಷಿಕರು 4.37 ಕೋಟಿ, ತುಳು ಭಾಷಿಕರು 18.46 ಲಕ್ಷ. ರಾಜ್ಯವಾರು ವಿವರವೂ ಇರುವುದರಿಂದ ಮಹಾರಾಷ್ಟ್ರ, ತಮಿಳುನಾಡಿನ ಕನ್ನಡಿಗರ ಸಂಖ್ಯೆಯನ್ನು ನೀವೇ ನೋಡಬಹುದು.

ಆಚಾರ, ಇತಿಹಾಸದ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ 7 ಸಂಪುಟಗಳು ಆನ್‌ಲೈನ್‌ನಲ್ಲಿ ಉಚಿತ. ಆದರೆ ಮೂಗು, ತಲೆ ಅಳೆದು ಜನರನ್ನು ವಿಂಗಡಿಸಿದ ಅಧಿಕಾರಿಯ ಕಣ್ಣಲ್ಲಿ ಕಂಡ ಚಿತ್ರವದು. 1985ರಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ ಆರಂಭಿಸಿದ 'ಪೀಪಲ್ ಆಫ್ ಇಂಡಿಯಾ' ಅಧ್ಯಯನದ ಜತೆಗಿಟ್ಟು ಓದುವುದು ಒಳಿತು.

ಸಂಖ್ಯೆ ಹಿಗ್ಗಿದರೆ ಟಿಕೆಟ್, ಮೀಸಲಾತಿ ಬೇಡಿಕೆಗೆ ಬಲ. ಹಿಗ್ಗಿಸಿಕೊಳ್ಳಲಾಗದ ಸಣ್ಣ ಸಮುದಾಯಗಳು ಮರೆಗೆ ಸರಿಯುತ್ತವೆ. ಹಾಗಾಗಿ ಫಾರ್ವರ್ಡ್ ಮಾಡುವ ಮುನ್ನ ಕೇಳಿ: ಎಣಿಸಿದವರು ಯಾರು, ಯಾವ ವರ್ಷ, ಯಾವ ಕೋಷ್ಟಕ?