ಹೆದರಿಕೆಗೆ ಎದುರು ಜಮೆ



ನಮ್ಮ ಭಾಗದಲ್ಲಿ ಈಗ ನಲವತ್ತು ದಾಟಿದ ಅನೇಕರು 1993ರ ಸೆಪ್ಟೆಂಬರ್ 30ರ ನಸುಕನ್ನು ಇನ್ನೂ ಮರೆತಿಲ್ಲ. ದಶಲಕ್ಷಣ ಪರ್ವ ಮುಗಿದಿತ್ತು. ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದರು. ನಾಲ್ಕು ಹೊಡೆಯಲು ಕೆಲವು ನಿಮಿಷ ಇರುವಾಗ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಲಾತೂರ ಮತ್ತು ಅಂದಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸಾವಿರಾರು ಜನ ಮಲಗಿದಲ್ಲೇ ಮಣ್ಣಾದರು. ಸೊಲ್ಲಾಪುರ, ಅಕ್ಕಲಕೋಟೆಗಳೂ ಅಲುಗಿದವು. ಮನೆಯೊಳಗೆ ಮಲಗಲು ಅಂಜಿ ಅಂಗಳದಲ್ಲಿ ರಾತ್ರಿ ಕಳೆದವರು ಅನೇಕರು.

ಅಂಥ ಅನುಭವದ ಮೇಲೆ ಭಾರದ ಲಾರಿ ಹೋಗಿ ಪಾತ್ರೆಗಳು ಸದ್ದು ಮಾಡಿದರೂ ಎದೆ ಧಸಕ್ಕೆನ್ನುತ್ತದೆ. ಇದು ಹೇಡಿತನವಲ್ಲ. ಆ ಸದ್ದು, ಆ ಕತ್ತಲು, ಮಣ್ಣಿನ ಮಾಳಿಗೆ ಇವನ್ನೆಲ್ಲ ಮೆದುಳು ಅಪಾಯದ ಜೊತೆ ಗಂಟು ಹಾಕಿರುತ್ತದೆ.

ಈ ಗಂಟನ್ನು ಮೊದಲು ಕ್ರಮವಾಗಿ ಪರೀಕ್ಷಿಸಿದವರು ರಷ್ಯದ ವಿಜ್ಞಾನಿ ಪಾವ್ಲೋವ್. ಒಂದು ಸದ್ದು ಕೇಳಿಸಿ ನಾಯಿಗೆ ಅನ್ನ ಹಾಕುತ್ತ ಬಂದರೆ, ಮುಂದೆ ಸದ್ದು ಕೇಳಿದೊಡನೆ ಅದರ ಬಾಯಲ್ಲಿ ನೀರೂರುತ್ತದೆ. ಅನ್ನ ಹಾಕದೆ ಬರೀ ಸದ್ದನ್ನೇ ಮತ್ತೆ ಮತ್ತೆ ಕೇಳಿಸಿದರೆ ನೀರೂರುವುದು ನಿಲ್ಲುತ್ತದೆ. ಆದರೆ ಸ್ವಲ್ಪ ಹೊತ್ತು ಬಿಟ್ಟು ಕೇಳಿಸಿದರೆ ಮತ್ತೆ ನೀರೂರುತ್ತದೆ! ಹಳೆಯ ಪಾಠ ಅಳಿದಿರುವುದಿಲ್ಲ, ಅದುಮಿಟ್ಟಿರುತ್ತದೆ ಎಂದಾಯಿತು.

ಅದುಮುವುದು ಯಾವುದು? ಮೆದುಳಿನ ಆಳದಲ್ಲಿ ಬಾದಾಮಿಯಾಕಾರದ ಅಮಿಗ್ಡಲಾ ಎಂಬ ಭಾಗವಿದೆ. ಹೆದರಿಕೆಯ ಕರೆಗಂಟೆ ಬಾರಿಸುವುದು ಅದು. ಹಣೆಯ ಹಿಂದಿನ ಮೆದುಳಿನ ಒಂದು ಭಾಗ ಅದನ್ನು ಸುಮ್ಮನಿರಿಸುತ್ತದೆ. 2002ರಲ್ಲಿ ಮಿಲಾದ್ ಮತ್ತು ಕ್ವಿರ್ಕ್ ಎಂಬ ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ತೋರಿಸಿದರು. ‘ಈ ಸದ್ದಿನಿಂದ ಈಗ ಅಪಾಯವಿಲ್ಲ’ ಎಂಬ ಪಾಠವನ್ನು ಮರುದಿನ ನೆನಪಿಟ್ಟ ಇಲಿಗಳಲ್ಲಿ ಆ ಮುಂಭಾಗದ ಜೀವಕೋಶಗಳು ಚುರುಕಾಗಿದ್ದವು.

ವ್ಯಾಪಾರಸ್ಥರಾದ ನಮಗೆ ಇದು ಸುಲಭವಾಗಿ ತಿಳಿಯುತ್ತದೆ. ವಹಿಯಲ್ಲಿ ಬರೆದ ಬಾಕಿಯನ್ನು ನಾವು ಕೆರೆದು ಅಳಿಸುವುದಿಲ್ಲ. ಎದುರಿಗೆ ಜಮೆ ಬರೆಯುತ್ತೇವೆ. ಮೆದುಳೂ ಹಾಗೆಯೇ ಮಾಡುತ್ತದೆ. ಇನ್ನೊಂದು ಮಾತು: ಒಂದು ಅಂಗಡಿಯ ವಹಿಯ ಜಮೆ ಇನ್ನೊಂದು ಅಂಗಡಿಯ ವಹಿಗೆ ತಾನಾಗಿ ಹೋಗದು. ಹೊಸ ಪಾಠವೂ ಕಲಿತ ಜಾಗಕ್ಕೆ ಅಂಟಿಕೊಳ್ಳುತ್ತದೆ. ಅಕ್ಕಲಕೋಟೆಯಲ್ಲಿ ಹೆದರಿದವರು ಸೊಲ್ಲಾಪುರದ ಸ್ಲ್ಯಾಬಿನ ಮನೆಯಲ್ಲಿ ವರ್ಷಗಟ್ಟಲೆ ನಿಶ್ಚಿಂತೆಯಿಂದ ಮಲಗಿರಬಹುದು. ಹಬ್ಬಕ್ಕೆಂದು ನಲವತ್ತು ಕಿಲೋಮೀಟರು ದಾಟಿ ಹಳೆಯ ಕಲ್ಲಿನ ಮನೆಗೆ ಬಂದ ರಾತ್ರಿ ಎಚ್ಚರವಾಗಿ ಎದ್ದು ಕೂತರೆ ಅದರಲ್ಲಿ ಆಶ್ಚರ್ಯವಿಲ್ಲ. ‘ಇಷ್ಟು ವರ್ಷವಾಯಿತು, ಇನ್ನೂ ಅಂಜಿಕೆಯೇ?’ ಎಂದು ಮನೆಯವರು ನಗಬಾರದು.

ಹಾಗಾದರೆ ಮಾಡಬೇಕಾದದ್ದೇನು? ಅಂಜಿಕೆಯ ಜಾಗವನ್ನು ಪೂರ್ತಿ ಬಿಟ್ಟರೆ ಅಲ್ಲಿನ ವಹಿಯಲ್ಲಿ ಜಮೆಯೇ ಬೀಳುವುದಿಲ್ಲ. ಬಲವಂತದಿಂದ ಒಳಗೆ ದೂಡುವುದೂ ತಪ್ಪು. ಮೊದಲು ಹಗಲಿನಲ್ಲಿ ಕೂತು ಮಾತಾಡಲಿ, ಆಮೇಲೆ ಮಧ್ಯಾಹ್ನ ಅಡ್ಡಾಗಲಿ, ಅನಂತರ ಜೊತೆಯವರೊಡನೆ ಒಂದು ರಾತ್ರಿ. ಮನೆಯ ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ ಇದು ನಡೆಯಲಿ. ನಡುವೆ ಹೆದರಿಕೆ ಮರಳಿದರೆ ದುಡಿಮೆ ಹಾಳಾಯಿತೆಂದು ತಿಳಿಯದೆ ಮತ್ತೆ ಮೊದಲಿಡಬೇಕು. ನಿದ್ದೆ, ವ್ಯಾಪಾರ, ಸಂಸಾರ ಕೆಡುವಷ್ಟು ಕಾಡಿದರೆ ಮಾನಸಿಕ ವೈದ್ಯರನ್ನು ಕಾಣಲು ಸಂಕೋಚ ಬೇಡ. ಅವರ ಚಿಕಿತ್ಸೆಯಲ್ಲೂ ಈ ಕ್ರಮಕ್ಕೆ ಸ್ಥಾನವಿದೆ.

ಕೊನೆಗೊಂದು ಎಚ್ಚರಿಕೆ. ಕಿಲ್ಲಾರಿಯಲ್ಲಿ ಹೆಚ್ಚು ಜೀವ ತೆಗೆದದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಭಾರದ ಮಾಳಿಗೆ. ಅಂಥ ಮನೆ ಇದ್ದರೆ ತಿಳಿದವರಿಗೆ ತೋರಿಸಿ ಮೊದಲು ಗೋಡೆಯನ್ನು ಭದ್ರಮಾಡಿಸಿರಿ. ಭದ್ರವಾದ ಗೋಡೆಯೊಳಗೆ ಮಾತ್ರ ‘ಇಲ್ಲಿ ಅಪಾಯವಿಲ್ಲ’ ಎಂದು ಮನಸ್ಸಿಗೆ ಕಲಿಸುವುದು ನ್ಯಾಯ.