ಕ್ವಿಲ್ ಅಂದರೆ ಬರೀ ಲೇಖನಿಯಲ್ಲ

ಇಂಗ್ಲಿಷ್ ಪಾಠದಲ್ಲಿ ‘ಕ್ವಿಲ್’ ಅಂತ ಪದ ಬಂತು. ಗೈಡಿನಲ್ಲಿ ‘ಲೇಖನಿ’ ಅಂತಿದೆ. ನಾನು ‘ಗರಿ’ ಅಂದೆ. ಕ್ಲಾಸೆಲ್ಲಾ ನಕ್ಕಿತು. ನಕ್ಕವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಿಘಂಟು ನೋಡಿದೆ. ಕ್ವಿಲ್ ಅಂದರೆ ಹಕ್ಕಿ ರೆಕ್ಕೆಯ ದೊಡ್ಡ ಗರಿ, ಅದರ ಟೊಳ್ಳು ದಂಟು. ಮುಳ್ಳುಹಂದಿಯ ಮುಳ್ಳಿಗೂ ಅದೇ ಹೆಸರು. ಜರ್ಮನ್ ಭಾಷೆಯ ‘ಕೀಲ್’ ಈ ಪದದ ನೆಂಟ. ಯುರೋಪಿನವರು ನೂರಾರು ವರ್ಷ ಹೆಬ್ಬಾತಿನ ಗರಿಯ ತುದಿ ಚೂಪು ಮಾಡಿ, ಸೀಳಿ, ಶಾಯಿಗೆ ಅದ್ದಿ ಬರೆದರು. ಹಾಗಾಗಿ ಲೇಖನಿ ಎಂಬ ಅರ್ಥ 16ನೇ ಶತಮಾನದಲ್ಲಿ ಸೇರಿಕೊಂಡಿತು. ನಾವು ದಿನಾ ಅನ್ನುವ ‘ಪೆನ್’ ಕೂಡ ಲ್ಯಾಟಿನ್ನಿನ ‘ಪೆನ್ನಾ’ದಿಂದ ಬಂದದ್ದು. ಪೆನ್ನಾ ಅಂದರೂ ಗರಿಯೇ! ಈಗ ನಗಿ ನೋಡೋಣ.

ನಾನೂ ನಮ್ಮ ಹುಂಜದ ಗರಿಯನ್ನು ಬ್ಲೇಡಿನಲ್ಲಿ ಕುಯ್ದು ಬರೆದೆ. ಎರಡಕ್ಷರಕ್ಕೇ ಶಾಯಿ ಮುಗೀತು. ಅಂಗಿಯೆಲ್ಲಾ ಕಲೆಯಾಗಿ ಅವ್ವನ ಕೈಲಿ ಬೈಸಿಕೊಂಡೆ.

ನಮ್ಮ ಹಿಂದಿನವರು ಗರಿಯಿಂದಲ್ಲ, ಗರಿಯ ಮೇಲೆ ಬರೆದರು. ತಾಳೆಗರಿ! ಕಬ್ಬಿಣದ ಕಂಠದಿಂದ ಕೊರೆದು, ಮಸಿ ಸವರಿ ಒರೆಸಿದರೆ ಅಕ್ಷರ ಎದ್ದು ಕಾಣುತ್ತದೆ. ಹನಕೆರೆಯ ತೋಟದಲ್ಲಿ ಬಿದ್ದಿರುವ ತೆಂಗಿನದೂ ಗರಿ, ಹುಂಜದ್ದೂ ಗರಿ. ಅವರಿಗೆ ಗರಿ ಪೆನ್ನಾಯಿತು, ನಮಗೆ ಹಾಳೆಯಾಯಿತು. ಇದು ಯಾವ ಗೈಡಿನಲ್ಲಿದೆ ಹೇಳಿ?

ಗೈಡ್ ಬೇಡ ಅನ್ನಲ್ಲ, ಪರೀಕ್ಷೆಗೆ ನನಗೂ ಬೇಕು. ಆದರೆ ಒಂದು ಪದದ ಉತ್ತರ ಬಾಯಿಪಾಠ ಮಾಡಿದರೆ ಇಷ್ಟೆಲ್ಲಾ ಗೊತ್ತಾಗಲ್ಲ. ನಿಘಂಟು ಆಫೀಸ್ ರೂಮಿನ ಬೀರುವಿನಲ್ಲಿದೆ. ಮೇಷ್ಟ್ರೇ, ಅದನ್ನು ನಮ್ಮ ತರಗತಿಯಲ್ಲೇ ಇಟ್ಟರೆ ಆಗದೇ? ಕೈ ತೊಳೆದುಕೊಂಡೇ ಮುಟ್ಟುತ್ತೇವೆ.